ಬಾಸ್ಕೆಟ್‌ಬಾಲ್: ಪೋಸ್ಟ್‌ನಲ್ಲಿ (ರಿಂಗ್ ಹತ್ತಿರ, ಒಳಗೆ) ನಿಲ್ಲಿಸಿದ್ದಾರೆ, ಬಾಲೇ ಬರುವುದಿಲ್ಲ. ಎಂತ ಮಾಡುವುದು?

ಉರ್ವ 15

ಎಲ್ಲರಿಗೂ ನಮಸ್ಕಾರ. ನಾನು ಮಂಗಳೂರಿನಲ್ಲಿ ಸೆಕೆಂಡ್ ಪಿಯುಸಿ ಓದುತ್ತಿದ್ದೇನೆ. ಹೈಸ್ಕೂಲಿನಲ್ಲಿ ವಾಲಿಬಾಲ್ ಆಡುತ್ತಿದ್ದೆ, ಬಾಸ್ಕೆಟ್‌ಬಾಲ್‌ಗೆ ಬಂದು ಒಂದೂವರೆ ವರ್ಷ ಆಯ್ತು. ಎತ್ತರ 6 ಅಡಿ 1 ಇಂಚು. ನಮ್ಮ ತಂಡದಲ್ಲಿ ಇದಕ್ಕಿಂತ ಉದ್ದ ಯಾರೂ ಇಲ್ಲ, ಹಾಗಾಗಿ ಮೊದಲ ದಿನವೇ "ನೀನು ಒಳಗೆ ನಿಲ್ಲು" ಅಂದರು. ನಿಂತೆ. ಒಳಗೆ ನಿಂತು ಮಾಡುವುದು ಎಂತ ಅಂತ ಮಾತ್ರ ಯಾರೂ ಹೇಳಲಿಲ್ಲ.

ಕಳೆದ ವಾರ ಒಂದು ಪ್ರಾಕ್ಟೀಸ್ ಮ್ಯಾಚ್ ಇತ್ತು. ನನ್ನನ್ನು ತಡೆಯಲು ಹಾಕಿದ್ದ ಹುಡುಗ ನನ್ನ ಕಿವಿಯವರೆಗೆ ಬರುತ್ತಾನೆ, ಅಷ್ಟೇ. ಆದರೆ ಗಟ್ಟಿ ಆಳು. ಮೊದಲ ಅರ್ಧದಲ್ಲಿ ನನ್ನ ಕೈಗೆ ಬಾಲ್ ಬಂದದ್ದು ನಾಲ್ಕು ಸಲ. ಒಂದು ಕೈಜಾರಿತು, ಒಂದನ್ನು ಅವರ ಗಾರ್ಡ್ (ಹೊರಗೆ ನಿಂತು ಬಾಲ್ ನಡೆಸುವವನು) ಕೆಳಗಿನಿಂದ ಹೊಡೆದು ತೆಗೆದ, ಒಂದಕ್ಕೆ ಟ್ರಾವೆಲ್ (ಬಾಲ್ ಹಿಡಿದು ಕಾಲು ತಪ್ಪಾಗಿ ಎತ್ತಿದ್ದು) ಕೊಟ್ಟರು, ನಾಲ್ಕನೆಯದನ್ನು ಹಾಕಿದೆ, ಬೋರ್ಡಿಗೂ ತಾಗಲಿಲ್ಲ. ಉಳಿದ ಹೊತ್ತೆಲ್ಲ ಕೈ ಎತ್ತಿ ಬಾಲ್ ಕೇಳುತ್ತಲೇ ಇದ್ದೆ. ದ್ವಿತೀಯಾರ್ಧದಲ್ಲಿ ನನ್ನನ್ನು ಕೂರಿಸಿದರು. ಅದು ಸರಿಯೇ. ಆದರೆ ನನಗೆ ಇದನ್ನು ಕಲಿಯಬೇಕು. ಎಲ್ಲಿಂದ ಶುರು ಮಾಡುವುದು ಅಂತ ಗೊತ್ತಿದ್ದವರು ಹೇಳಿ.

ಹಳೇ ಸೆಂಟರ್, ಉಡುಪಿ

ತಮ್ಮಾ, ನೀನು ಬರೆದದ್ದರಲ್ಲೇ ಉತ್ತರ ಉಂಟು. "ಕೈ ಎತ್ತಿ ಬಾಲ್ ಕೇಳುತ್ತಲೇ ಇದ್ದೆ" ಅಂದೆಯಲ್ಲ. ಪೋಸ್ಟ್‌ನಲ್ಲಿ ಬಾಲ್ ಕೇಳುವುದು ಕೈಯಿಂದ ಅಲ್ಲ, ಸೊಂಟದಿಂದ. ಬಾಲ್ ಬರುವ ಮೊದಲೇ ಮುಕ್ಕಾಲು ಕೆಲಸ ಮುಗಿದಿರಬೇಕು. ನಾನು ಹನ್ನೊಂದು ವರ್ಷ ಆಡಿದೆ, ಈಗ ಭಾನುವಾರ ಬೆಳಿಗ್ಗೆ ಹುಡುಗರಿಗೆ ಹೇಳಿಕೊಡುತ್ತೇನೆ, ಪ್ರತಿ ವರ್ಷ ಇದೇ ಮಾತಿನಿಂದ ಶುರು ಮಾಡುತ್ತೇನೆ. ಶಾಟ್ ಆಮೇಲೆ. ಮೊದಲು ಜಾಗ.

ಜಾಗ ಅಂದರೆ ಯಾವುದು? ಕೀ, ಅಂದರೆ ರಿಂಗಿನ ಮುಂದೆ ಗೆರೆ ಹಾಕಿದ ಅಂಕಣ, ಅದರ ಎರಡೂ ಬದಿಯಲ್ಲಿ ಒಂದೊಂದು ದಪ್ಪ ಪಟ್ಟಿ ಇರುತ್ತದೆ ನೋಡು, ಫ್ರೀ ಥ್ರೋ ಹೊತ್ತಿಗೆ ಎರಡು ತಂಡದವರ ನಡುವೆ ಖಾಲಿ ಬಿಡುವ ಜಾಗ, 40 ಸೆಂಟಿಮೀಟರ್ ಅಗಲದ್ದು. ಅದನ್ನೇ ನಾವು ಬ್ಲಾಕ್ ಅನ್ನುವುದು. ನಿನ್ನ ಬೇಸ್‌ಲೈನ್ (ರಿಂಗಿನ ಹಿಂದಿನ ಗೆರೆ) ಕಡೆಯ ಕಾಲು ಆ ಪಟ್ಟಿಯ ಸ್ವಲ್ಪ ಮೇಲೆ ಇರಲಿ. ಅದಕ್ಕಿಂತ ಕೆಳಗೆ ನಿಂತರೆ ಬೋರ್ಡಿನ ಹಿಂದೆ ಸಿಕ್ಕಿಬೀಳುತ್ತೀ, ಬೇಸ್‌ಲೈನ್ ಕಡೆ ತಿರುಗಲು ಜಾಗವೇ ಇರುವುದಿಲ್ಲ. ಜಾಸ್ತಿ ಮೇಲೆ ನಿಂತರೆ ಒಂದು ಡ್ರಿಬಲ್‌ನಲ್ಲಿ ರಿಂಗ್ ತಲುಪುವುದಿಲ್ಲ. ನಾವು ಆಡುವಾಗ ಕೀ ಈಗಿನ ಹಾಗೆ ಆಯತಾಕಾರದಲ್ಲಿ ಇರಲಿಲ್ಲ. ಕೆಳಗೆ ಅಗಲ, ಮೇಲೆ ಕಿರಿದು. ಬೇಸ್‌ಲೈನ್‌ನಲ್ಲಿ 6 ಮೀಟರ್ ಇತ್ತು, ಹಾಗಾಗಿ ನಾವು ರಿಂಗಿನಿಂದ ದೂರವೇ ನಿಲ್ಲಬೇಕಿತ್ತು. 2010ರಿಂದ ಮೇಲೆ ಕೆಳಗೆ ಒಂದೇ 4.9 ಮೀಟರ್. ಕೆಲವು ಹಳೇ ಸಿಮೆಂಟ್ ಕೋರ್ಟುಗಳಲ್ಲಿ ಆ ಓರೆ ಗೆರೆ ಹೊಸ ಬಣ್ಣದ ಅಡಿಯಿಂದ ಈಗಲೂ ಮಸುಕಾಗಿ ಕಾಣುತ್ತದೆ, ನೋಡಿದಾಗೆಲ್ಲ ಈಗಿನ ಹುಡುಗರಿಗೆ ಅರ್ಧ ಮೀಟರ್ ಸುಮ್ನೆ ಸಿಕ್ಕಿತಲ್ಲ ಅನಿಸುತ್ತದೆ. ಆ ಅರ್ಧ ಮೀಟರ್ ಬಳಸಿಕೊಳ್ಳಿ ಮಾರಾಯ್ರೆ.

ಇನ್ನು ನಿಲ್ಲುವ ರೀತಿ. ಕಾಲು ಭುಜಕ್ಕಿಂತ ಅಗಲ. ಮೊಣಕಾಲು ಬಗ್ಗಬೇಕು, ಬೆನ್ನಲ್ಲ. ಸಣ್ಣ ಸ್ಟೂಲಿನ ಮೇಲೆ ಕೂತ ಹಾಗೆ. ಹಿಂಗಾಲಿನ ಮೇಲೆ ಭಾರ ಹಾಕಿದರೆ ಯಾರು ಬೇಕಾದರೂ ತಳ್ಳಬಹುದು, ಭಾರ ಪಾದದ ಮುಂಭಾಗದಲ್ಲಿ ಇರಲಿ. ನಿನ್ನನ್ನು ತಳ್ಳಿದ ಹುಡುಗ ನಿನಗಿಂತ ಬಲಶಾಲಿ ಅಂತ ತಿಳಿಯಬೇಡ. ಅವನ ಸೊಂಟ ನಿನ್ನ ಸೊಂಟಕ್ಕಿಂತ ಕೆಳಗಿತ್ತು. ಅಷ್ಟೇ ಆದದ್ದು.

ಆಮೇಲೆ ಮುಖ್ಯ ಸಂಗತಿ, ಸೀಲ್. ಡಿಫೆಂಡರ್ ಎಲ್ಲಿದ್ದಾನೆ ಅಂತ ಕಣ್ಣಿನಿಂದ ನೋಡಬೇಡ, ಬೆನ್ನಿನಿಂದ ತಿಳಿದುಕೊ. ಅವನು ಮಧ್ಯದ ಕಡೆ ಇದ್ದರೆ ನಿನ್ನ ಮಧ್ಯದ ಕಡೆಯ ಕಾಲನ್ನು ಅವನ ಮುಂಗಾಲಿನ ಮುಂದೆ ಅಡ್ಡ ಇಡು, ಸೊಂಟ ತಗ್ಗಿಸು, ಬೇಸ್‌ಲೈನ್ ಕಡೆಯ ಕೈ ತೋರಿಸು. ಬೇಸ್‌ಲೈನ್ ಕಡೆ ಇದ್ದರೆ ಉಲ್ಟಾ. ಪೂರ್ತಿ ಹಿಂದೆ ಇದ್ದರೆ ಇನ್ನೂ ಒಳ್ಳೆಯದು, ಅವನ ತೊಡೆಯ ಮೇಲೆ ಕೂತುಬಿಡು. ಅವನನ್ನು ಎಲ್ಲಿಗೋ ಓಡಿಸಬೇಕಾಗಿಲ್ಲ. ಅವನು ಎಲ್ಲಿ ನಿಲ್ಲಬೇಕು ಅಂತ ಅಂದುಕೊಂಡಿದ್ದಾನೋ ಅಲ್ಲೇ ಅವನನ್ನು ಕಟ್ಟಿಹಾಕಬೇಕು. ಎರಡು ಸೆಕೆಂಡ್ ಕಟ್ಟಿಹಾಕಿದರೆ ಸಾಕು.

ಕೈಯಿಂದ ಹಿಡಿದರೆ, ಮೊಣಕೈ ಹಿಂದಕ್ಕೆ ಹೊಡೆದರೆ ಫೌಲ್. ಅದು ನೆನಪಿರಲಿ.

ಕಾರ್ಕಳ ಕಬಡ್ಡಿ

ನಾನು ಬಾಸ್ಕೆಟ್‌ಬಾಲ್ ಶುರು ಮಾಡಿದ್ದು ಕಾಲೇಜಿಗೆ ಬಂದ ಮೇಲೆ, ಅದಕ್ಕೆ ಮೊದಲು ಆರೇಳು ವರ್ಷ ಕಬಡ್ಡಿ. ಎತ್ತರ 5 ಅಡಿ 10. ಆದರೂ ಪೋಸ್ಟ್‌ನಲ್ಲಿ ಆಡುತ್ತೇನೆ, ಚೆನ್ನಾಗಿಯೇ ಆಡುತ್ತೇನೆ. ಹಳೇ ಸೆಂಟರ್ ಅವರು ಸೊಂಟದ ಬಗ್ಗೆ ಹೇಳಿದ್ದು ಓದಿ ಖುಷಿ ಆಯ್ತು. ನಮಗೆ ಕಾರ್ನರ್‌ನಲ್ಲಿ ನಿಲ್ಲುವವರಿಗೆ ಮೊದಲ ಪಾಠವೇ ಅದು. ಎದ್ದು ನಿಂತ ಕಾರ್ನರ್ ಅಂದರೆ ರೈಡರ್‌ಗೆ ಪಾಯಿಂಟ್ ಕೊಟ್ಟ ಹಾಗೆ.

ಉರ್ವದ ತಮ್ಮನಿಗೆ ಒಂದು ಅಭ್ಯಾಸ ಹೇಳುತ್ತೇನೆ. ಬಾಲ್ ಬೇಡ. ಒಬ್ಬ ಗೆಳೆಯನನ್ನು ಕರೆದುಕೊ. ನೆಲದಲ್ಲಿ ಚಾಕ್‌ಪೀಸ್‌ನಿಂದ ಒಂದು ಮೀಟರ್ ಅಗಲದ ವೃತ್ತ ಹಾಕು. ಇಬ್ಬರೂ ಬೆನ್ನಿಗೆ ಬೆನ್ನು ಕೊಟ್ಟು ಒಳಗೆ ನಿಲ್ಲಿ. ಕೈ ಬಳಸದೆ ಬರೀ ಸೊಂಟ, ಬೆನ್ನಿನಿಂದ ಒಬ್ಬರನ್ನೊಬ್ಬರು ಹೊರಗೆ ಹಾಕಬೇಕು. 10 ಸೆಕೆಂಡ್ ತಳ್ಳಾಟ, 20 ಸೆಕೆಂಡ್ ವಿರಾಮ. ಆರು ಸಲ ಮಾಡಿದರೆ ತೊಡೆ ನಡುಗುತ್ತದೆ. ಒಂದು ವಾರದಲ್ಲಿ ನಿನಗೇ ಗೊತ್ತಾಗುತ್ತದೆ, ಗೆಲ್ಲುವವನು ತೂಕದವನಲ್ಲ. ಮೊದಲು ತಗ್ಗಿದವನು.

ಅಮೆರಿಕದ ಚಾರ್ಲ್ಸ್ ಬಾರ್ಕ್ಲಿ ಅಂತ ಒಬ್ಬರಿದ್ದರು. ದಾಖಲೆಯಲ್ಲಿ 6 ಅಡಿ 6 ಇಂಚು. ಅಲ್ಲಿನ ಒಳಗಿನ ಆಟಗಾರರ ನಡುವೆ ಅದು ಗಿಡ್ಡ. ಆದರೂ 1986-87ರ ಸೀಸನ್‌ನಲ್ಲಿ ಅಲ್ಲಿನ ದೊಡ್ಡ ಲೀಗ್ ಎನ್‌ಬಿಎಯಲ್ಲಿ ಪಂದ್ಯಕ್ಕೆ ಸರಾಸರಿ ಅತಿ ಹೆಚ್ಚು ರೀಬೌಂಡ್ (ತಪ್ಪಿದ ಶಾಟ್‌ನ ಬಾಲ್ ಹಿಡಿಯುವುದು) ಅವರದ್ದೇ. ಅವರ ಹಳೇ ವಿಡಿಯೋ ಸಿಕ್ಕರೆ ಬಾಲ್ ನೋಡಬೇಡ, ಶಾಟ್ ಹೋಗುವಾಗ ಅವರ ಸೊಂಟ ಎಲ್ಲಿ ಹೋಗುತ್ತದೆ ಅಂತ ಮಾತ್ರ ನೋಡು.

ಸುರತ್ಕಲ್ ಗಾರ್ಡ್

ಎಲ್ಲರೂ ಪೋಸ್ಟ್ ಹುಡುಗನಿಗೇ ಬುದ್ಧಿ ಹೇಳುತ್ತಿದ್ದೀರಿ. ನನಗೆ ಒಂದು ಮಾತು ಹೇಳಲೇಬೇಕು. ಬಾಲ್ ಬರುವುದಿಲ್ಲ ಅಂದರೆ ಅರ್ಧ ತಪ್ಪು ನಮ್ಮದು, ಗಾರ್ಡ್‌ಗಳದ್ದು. ಒಳಗೆ ಬಾಲ್ ಕೊಡುವುದನ್ನು ನಮ್ಮ ಕಡೆ ಯಾರೂ ಪ್ರಾಕ್ಟೀಸ್ ಮಾಡುವುದಿಲ್ಲ. ಲೇಅಪ್ ಲೈನ್ ಮಾಡುತ್ತೇವೆ, ಶೂಟಿಂಗ್ ಮಾಡುತ್ತೇವೆ, ಪೋಸ್ಟ್‌ಗೆ ಪಾಸ್ ಮಾತ್ರ ಮ್ಯಾಚಿನ ದಿನ.

ಮೊದಲನೆಯದು ಕೋನ. ಮೇಲಿನ ನಡುವಿನಿಂದ ಬ್ಲಾಕ್‌ಗೆ ಪಾಸ್ ಕೊಡಬೇಡಿ, ಅದು ಡಿಫೆಂಡರ್ ಕೈ ಹಾದೇ ಹೋಗಬೇಕು. ವಿಂಗ್‌ಗೆ ಬನ್ನಿ, ಫ್ರೀ ಥ್ರೋ ಗೆರೆಯನ್ನು ಬದಿಗೆ ಎಳೆದರೆ ಎಲ್ಲಿ ಬರುತ್ತದೋ ಅಲ್ಲಿಗೆ. ಅಲ್ಲಿಂದಲೂ ದಾರಿ ಕಾಣದಿದ್ದರೆ ಬೇಸ್‌ಲೈನ್ ಕಡೆ ಎರಡು ಡ್ರಿಬಲ್ ಇಳಿಯಿರಿ, ದಾರಿ ತಾನಾಗಿ ತೆರೆಯುತ್ತದೆ. ಪೋಸ್ಟ್ ಹುಡುಗನ ಎದೆಗೆ ಪಾಸ್ ಕೊಡಬೇಡಿ. ಅವನು ತೋರಿಸಿದ ಕೈಗೆ ಕೊಡಿ. ಆ ಕೈ ಇರುವ ಕಡೆ ಡಿಫೆಂಡರ್ ಇಲ್ಲ ಅಂತ ಅವನು ಹೇಳುತ್ತಿದ್ದಾನೆ. ಕೈ ಮೇಲಿದ್ದರೆ ತಲೆ ಮೇಲಿಂದ, ಕೆಳಗಿದ್ದರೆ ಬೌನ್ಸ್. ಬೌನ್ಸ್ ಕೊಡುವ ಮುಂಚೆ ಒಮ್ಮೆ ಬಾಲ್ ಮೇಲೆತ್ತಿ ಸುಳ್ಳು ತೋರಿಸಿ, ಎದುರಿನವನ ಕೈ ಮೇಲೆ ಹೋದ ಕೂಡಲೇ ಅವನ ಸೊಂಟದ ಪಕ್ಕದಿಂದ ಬಿಡಿ.

ಈ ಕೈ ತೋರಿಸುವ ವಿಷಯ ನಮ್ಮ ಊರಿಗೆ ಇನ್ನೂ ಜಾಸ್ತಿ ಬೇಕು. ಶೀಟ್ ಹಾಕಿದ ಕೋರ್ಟಿನಲ್ಲಿ ಜುಲೈ ತಿಂಗಳಲ್ಲಿ ಆಡಿದವರಿಗೆ ಗೊತ್ತು, ಮಳೆ ಜೋರಾದರೆ ಸೀಟಿ ಕೂಡ ಕೇಳುವುದಿಲ್ಲ. ಹೋದ ವರ್ಷ ಒಂದು ಆಟದಲ್ಲಿ ನಮ್ಮ ಸೆಂಟರ್, ಅಂದರೆ ಪೋಸ್ಟ್‌ನಲ್ಲಿ ನಿಲ್ಲುವವನು, ನನ್ನ ಹೆಸರು ಹಿಡಿದು ಕೂಗುತ್ತಲೇ ಇದ್ದನಂತೆ, ನನಗೆ ಒಂದಕ್ಷರ ಕೇಳಿಸಲಿಲ್ಲ. ಟೈಮ್ ಔಟ್‌ನಲ್ಲಿ ಅವನು ಸಿಟ್ಟಿನಿಂದ ಬಂದು ಹೇಳಿದಾಗಲೇ ಗೊತ್ತಾದದ್ದು. ಆಮೇಲೆ ಇಬ್ಬರೂ ಮಾತಾಡಿಕೊಂಡೆವು. ಬೆರಳೆಲ್ಲ ಅಗಲಿಸಿ ಅಂಗೈ ನನ್ನ ಕಡೆ ತೋರಿಸಿದರೆ "ಈಗ ಕೊಡು", ಮುಷ್ಟಿ ಹಿಡಿದರೆ "ಲಾಬ್ ಹಾಕು", ಅಂದರೆ ತಲೆ ಮೇಲಿಂದ ಎತ್ತರದ ಪಾಸ್. ಅಷ್ಟೇ. ಆ ದಿನ ಕೊನೆಯ ಕ್ವಾರ್ಟರ್‌ನಲ್ಲಿ ಅವನಿಗೆ ಐದು ಪಾಸ್ ಸಿಕ್ಕಿತು.

ಇನ್ನೊಂದು, ಪಾಸ್ ಕೊಟ್ಟ ಮೇಲೆ ನಿಂತು ನೋಡಬೇಡಿ. ನೀವು ನಿಂತರೆ ನಿಮ್ಮ ಡಿಫೆಂಡರ್ ಹೋಗಿ ನಿಮ್ಮ ಸೆಂಟರ್ ಕೈಯಿಂದ ಬಾಲ್ ಕೀಳುತ್ತಾನೆ. ಉರ್ವದ ಹುಡುಗನಿಗೆ ಆದದ್ದು ಅದೇ. ಒಳಗೆ ಓಡಿ, ಇಲ್ಲವೇ ಮೂಲೆಗೆ ಜರುಗಿ.

ಉರ್ವ 15

ಇಷ್ಟು ವಿವರವಾಗಿ ಬರೆಯುತ್ತೀರಿ ಅಂತ ಅಂದುಕೊಂಡಿರಲಿಲ್ಲ. ತುಂಬಾ ಥ್ಯಾಂಕ್ಸ್. ಎರಡು ಸಂಶಯ. ಒಂದು, ಸೀಲ್ ಮಾಡಿ ಕಾಯುತ್ತಾ ನಿಂತರೆ ಮೂರು ಸೆಕೆಂಡ್ ಆಗುವುದಿಲ್ವಾ? ಎರಡು, ಬಾಲ್ ಸಿಕ್ಕಿದ ಮೇಲೆ ನನಗೆ ಟ್ರಾವೆಲ್ ಕೊಟ್ಟದ್ದು ಯಾಕೆ ಅಂತ ಈಗಲೂ ಅರ್ಥ ಆಗಿಲ್ಲ. ಎರಡೂ ಕಾಲಲ್ಲಿ ಇಳಿದೆ, ಒಂದು ಕಾಲು ತಿರುಗಿಸಿದೆ, ಡ್ರಿಬಲ್ ಮಾಡಿದೆ. ಸೀಟಿ.

ಸೀಟಿ ಮಾಸ್ಟರ್

ನಾನು ದಕ್ಷಿಣ ಕನ್ನಡ, ಉಡುಪಿ ಎರಡೂ ಕಡೆ ಶಾಲಾ ಕಾಲೇಜು ಪಂದ್ಯಗಳಿಗೆ ಸೀಟಿ ಊದುತ್ತೇನೆ. ಫಿಬಾ (ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲ್ ಸಂಸ್ಥೆ) ನಿಯಮ ಹೇಳುತ್ತೇನೆ, ನಮ್ಮಲ್ಲಿ ನಡೆಯುವುದು ಅದೇ.

ಮೂರು ಸೆಕೆಂಡ್: ನಿಮ್ಮ ತಂಡದ ಕೈಯಲ್ಲಿ ಮುಂದಿನ ಅಂಗಳದಲ್ಲಿ (ಎದುರಾಳಿಯ ರಿಂಗ್ ಇರುವ ಅರ್ಧದಲ್ಲಿ) ಬಾಲ್ ಇದ್ದು ಗಡಿಯಾರ ಓಡುತ್ತಿರುವಾಗ, ನೀವು ಎದುರಾಳಿಯ ಕೀ ಒಳಗೆ ಸತತ ಮೂರು ಸೆಕೆಂಡಿಗಿಂತ ಜಾಸ್ತಿ ಇರಬಾರದು. ಗೆರೆ ಕೂಡ ಕೀಗೇ ಸೇರಿದ್ದು. ಹುಡುಗರು ತುಂಬಾ ಸಲ ತಪ್ಪು ಮಾಡುವುದು ಇಲ್ಲೇ, ಹಿಮ್ಮಡಿ ಗೆರೆ ಮೇಲೆ ಇಟ್ಟುಕೊಂಡು ಹೊರಗೆ ನಿಂತಿದ್ದೇನೆ ಅಂದುಕೊಳ್ಳುತ್ತಾರೆ. ಒಂದು ಕಾಲು ಹೊರಗಿಟ್ಟರೂ ಲೆಕ್ಕ ನಿಲ್ಲುವುದಿಲ್ಲ. ಎರಡೂ ಕಾಲು ಹೊರಗೆ ಹೋಗಬೇಕು. ಹಾಗಾಗಿ ಸೀಲ್ ಮಾಡುವಾಗ ಕಾಲು ಗೆರೆಯ ಹೊರಗೇ ಇಟ್ಟು ಅಭ್ಯಾಸ ಮಾಡಿ. ಡಿಫೆಂಡರ್ ಒಳಗಿರಲಿ, ಅವನಿಗೆ ಈ ನಿಯಮ ಇಲ್ಲ. ನೀವು ಹೊರಗೆ ಹೋಗಲು ಪ್ರಯತ್ನ ಮಾಡುತ್ತಿದ್ದರೆ, ಅಥವಾ ಶಾಟ್ ಹೋಗುತ್ತಿದ್ದರೆ, ನಾವು ಬಿಡುತ್ತೇವೆ.

ಟ್ರಾವೆಲ್: ಎರಡೂ ಕಾಲಲ್ಲಿ ಒಟ್ಟಿಗೆ ಇಳಿದರೆ ಯಾವ ಕಾಲನ್ನು ಬೇಕಾದರೂ ಪಿವಟ್ (ಊರಿಕೊಂಡು ತಿರುಗುವ ಕಾಲು) ಮಾಡಬಹುದು. ಒಂದು ಕಾಲು ಎತ್ತಿದ ಕ್ಷಣ ಇನ್ನೊಂದು ಪಿವಟ್ ಆಯ್ತು. ಇನ್ನು ಡ್ರಿಬಲ್ ಶುರು ಮಾಡಬೇಕಾದರೆ ಆ ಪಿವಟ್ ಕಾಲು ನೆಲ ಬಿಡುವ ಮೊದಲು ಬಾಲ್ ಕೈ ಬಿಟ್ಟಿರಬೇಕು. ನೀವು ಒಂದು ಕಾಲು ತಿರುಗಿಸಿದಿರಿ ಸರಿ, ಡ್ರಿಬಲ್‌ಗೆ ಹೊರಟಾಗ ಇನ್ನೊಂದು ಕಾಲು ಮೊದಲು ಎದ್ದಿರುತ್ತದೆ. ನೂರಕ್ಕೆ ತೊಂಬತ್ತು ಸಲ ಅದೇ. ಶಾಟ್‌ಗೆ, ಪಾಸ್‌ಗೆ ಹಾಗಲ್ಲ. ಪಿವಟ್ ಕಾಲು ಎತ್ತಬಹುದು, ಆದರೆ ಕಾಲು ಮತ್ತೆ ನೆಲ ಮುಟ್ಟುವ ಮೊದಲು ಬಾಲ್ ಬಿಟ್ಟುಬಿಡಬೇಕು.

ಇನ್ನೊಂದು ನಿಯಮ ಹೇಳುತ್ತೇನೆ, ಇದು ಬಹಳ ಮಂದಿಗೆ ಗೊತ್ತಿಲ್ಲ. ಬಾಲ್ ಹಿಡಿದು ನಿಂತಾಗ ಡಿಫೆಂಡರ್ ಒಂದು ಮೀಟರ್ ಒಳಗೆ ನಿಂತು ನಿಮ್ಮನ್ನು ತಡೆಯುತ್ತಿದ್ದರೆ 5 ಸೆಕೆಂಡಿನಲ್ಲಿ ಪಾಸ್, ಶಾಟ್, ಡ್ರಿಬಲ್ ಯಾವುದಾದರೂ ಒಂದು ಮಾಡಲೇಬೇಕು. ಪೋಸ್ಟ್‌ನಲ್ಲಿ ಬಾಲ್ ಅಪ್ಪಿಕೊಂಡು ನಿಂತುಬಿಡುವ ಹುಡುಗರಿಗೆ ನಾನು ವರ್ಷಕ್ಕೆ ಹತ್ತಾರು ಸಲ ಇದನ್ನು ಕೊಡುತ್ತೇನೆ.

ಮಣಿಪಾಲ 12

ನಾನು ಹುಡುಗಿಯರ ತಂಡದಲ್ಲಿ ಸೆಂಟರ್ ಆಡಿದವಳು. ಬಾಲ್ ಕೈಗೆ ಬಂದ ಮೇಲಿನ ಕಥೆ ನಾನು ಹೇಳುತ್ತೇನೆ.

ಬಾಲ್ ಬರುವಾಗ ಅದರ ಕಡೆ ಹೋಗಿ ಹಿಡಿ. ಕಾಯಬೇಡ. ಎರಡೂ ಕೈ, ಎರಡೂ ಕಾಲು. ಹಿಡಿದ ಕೂಡಲೇ ಗಲ್ಲದ ಕೆಳಗೆ, ಮೊಣಕೈ ಎರಡೂ ಬದಿಗೆ. ಸೊಂಟದ ಹತ್ತಿರ ಬಾಲ್ ಇಳಿಸಿದರೆ ಅದು ಗಿಡ್ಡ ಗಾರ್ಡ್‌ಗಳ ಪಾಲು. ಎತ್ತರದವಳ ಎತ್ತರ ಉಪಯೋಗಕ್ಕೆ ಬರುವುದು ಬಾಲ್ ಮೇಲಿದ್ದಾಗ ಮಾತ್ರ ಅಲ್ವಾ? ನಮ್ಮ ಕರಾವಳಿಯಲ್ಲಿ ಹತ್ತು ನಿಮಿಷಕ್ಕೆ ಕೈಯೆಲ್ಲ ಬೆವರು. ಏಪ್ರಿಲ್ ತಿಂಗಳಲ್ಲಿ ನಾನು ಒಂದು ಸಣ್ಣ ಬಟ್ಟೆ ಶಾರ್ಟ್ಸ್ ಬದಿಗೆ ಸಿಕ್ಕಿಸಿಕೊಂಡು ಪ್ರಾಕ್ಟೀಸ್ ಮಾಡುತ್ತಿದ್ದೆ, ಆಟ ನಿಂತಾಗೆಲ್ಲ ಅಂಗೈ ಒರೆಸಿಕೊಳ್ಳುವುದು. ಮ್ಯಾಚಿನಲ್ಲಿ ಬಟ್ಟೆ ಇಟ್ಟುಕೊಳ್ಳಲು ಬಿಡುವುದಿಲ್ಲ, ಆಗ ಸಾಕ್ಸ್‌ಗೆ ಒರೆಸುವುದು. ಕೈಜಾರಿತು ಅಂದೆಯಲ್ಲ, ಅದಕ್ಕೆ ಹೇಳಿದೆ.

ಆಮೇಲೆ ಒಂದು ಉಸಿರು. ನಿಜವಾಗಿ ಹೇಳುತ್ತೇನೆ, ಒಂದು ಉಸಿರು. ಆ ಉಸಿರಿನಲ್ಲಿ ಮಧ್ಯದ ಕಡೆಯ ಭುಜದ ಮೇಲಿಂದ ನೋಡು. ಎರಡನೇ ಡಿಫೆಂಡರ್ ಬರುವುದು ಹೆಚ್ಚಾಗಿ ಆ ಕಡೆಯಿಂದಲೇ. ಬರುತ್ತಿದ್ದರೆ ಯಾರೋ ಒಬ್ಬ ಖಾಲಿ ಇದ್ದಾನೆ, ಪಾಸ್ ಕೊಡು. ಬರದಿದ್ದರೆ ಆಡು.

ಆಡಲು ನನ್ನ ಪ್ರಕಾರ ಎರಡು ಮೂವ್ ಸಾಕು. ಒಂದು ಡ್ರಾಪ್ ಸ್ಟೆಪ್. ಡಿಫೆಂಡರ್ ಮಧ್ಯದ ಕಡೆ ಒರಗಿದ್ದರೆ ಬೇಸ್‌ಲೈನ್ ಕಡೆಯ ಕಾಲನ್ನು ಹಿಂದಕ್ಕೆ, ಅವನ ಕಾಲಿನ ಆಚೆಗೆ, ರಿಂಗ್ ಕಡೆಗೆ ಇಡು. ಕಾಲಿನ ಬೆರಳು ರಿಂಗ್ ನೋಡಬೇಕು. ತುಂಬಾ ಮಂದಿ ಬೆರಳನ್ನು ಬೇಸ್‌ಲೈನ್ ಆಚೆಗೆ ತಿರುಗಿಸಿ ಇಡುತ್ತಾರೆ, ಆಗ ಮೈ ಬೋರ್ಡಿನ ಹಿಂದಕ್ಕೆ ಹೋಗುತ್ತದೆ. ಎರಡೂ ಕಾಲಿನ ನಡುವೆ ಗಟ್ಟಿಯಾಗಿ ಒಂದೇ ಡ್ರಿಬಲ್, ಎರಡೂ ಕೈಯಲ್ಲಿ ಎತ್ತಿಕೊಂಡು ಎರಡೂ ಕಾಲಿನಿಂದ ಹಾರು. ಬೋರ್ಡಿನ ಚೌಕದ ಮೇಲಿನ ಮೂಲೆಗೆ ಹಾಕು.

ಎರಡನೆಯದು ಜಂಪ್ ಹುಕ್. ಬೇಸ್‌ಲೈನ್ ಮುಚ್ಚಿದ್ದರೆ ಮಧ್ಯಕ್ಕೆ ಒಂದು ಡ್ರಿಬಲ್, ಆ ಕಡೆ ಭುಜವನ್ನು ರಿಂಗ್‌ಗೆ ತಿರುಗಿಸು, ಬಾಲನ್ನು ಡಿಫೆಂಡರ್‌ನಿಂದ ದೂರದ ಕೈಯಲ್ಲಿ ಕಿವಿಯ ಪಕ್ಕದಿಂದ ಮೇಲೆತ್ತು, ತುದಿಯಲ್ಲಿ ಮಣಿಕಟ್ಟು ಮಡಚಿ ಬಿಡು. ಇನ್ನೊಂದು ಕೈ ಅಡ್ಡ ಇರಲಿ, ತಳ್ಳಬೇಡ. ನಿನ್ನ ಮೈ ಪೂರ್ತಿ ಅವನ ಮತ್ತು ಬಾಲಿನ ನಡುವೆ ಇರುತ್ತದೆ, ಅದೇ ಇದರ ಸುಖ. ಕರೀಂ ಅಬ್ದುಲ್ ಜಬ್ಬಾರ್ ಅವರು 38,387 ಪಾಯಿಂಟ್ ಹಾಕಿದ್ದರಲ್ಲಿ ಅವರ ಸ್ಕೈ ಹುಕ್‌ಗೆ ದೊಡ್ಡ ಪಾಲು. ಅವರದ್ದು ಒಂದು ಕಾಲಿನಿಂದ ಎದ್ದು ಕೈ ಪೂರ್ತಿ ಚಾಚಿ ಹಾಕುವ ಹುಕ್, ಕಷ್ಟದ್ದು. ನಿನಗೆ ಸದ್ಯಕ್ಕೆ ಎರಡು ಕಾಲಿನ ಹುಕ್ ಕಲಿತರೆ ಸಾಕು.

ನಮ್ಮ ದೇಶದ ಆಟ ನೋಡಬೇಕು ಅಂದರೆ ಕೇರಳದ ಗೀತು ಅನ್ನಾ ಜೋಸ್ ಅವರದ್ದು ಹುಡುಕಿ ನೋಡು. ಆಸ್ಟ್ರೇಲಿಯಾದ ಕ್ಲಬ್‌ನಲ್ಲಿ ಆಡಿ ಬಂದವರು, 2014ರಲ್ಲಿ ಅರ್ಜುನ ಪ್ರಶಸ್ತಿ ಬಂತು. ನನಗೆ ಪೋಸ್ಟ್ ಆಟದ ಮೇಲೆ ಪ್ರೀತಿ ಹುಟ್ಟಿಸಿದವರು ಅವರೇ.

ಪಡುಬಿದ್ರಿ ತ್ರೀ

ಬೇಜಾರು ಮಾಡಿಕೊಳ್ಳಬೇಡಿ, ಆದರೆ ಈಗ ಈ ಆಟ ಯಾಕೆ ಕಲಿಯಬೇಕು? ಎಲ್ಲ ಕಡೆ ತ್ರೀ ಪಾಯಿಂಟ್. 6.75 ಮೀಟರ್‌ನಿಂದ ಹಾಕಲು ಕಲಿತರೆ ಇವನಿಗೆ ಮುಂದೆ ಜಾಸ್ತಿ ಉಪಯೋಗ ಅಲ್ವಾ. 6 ಅಡಿ 1 ಇಂಚು ಅಂದರೆ ದೊಡ್ಡ ಮಟ್ಟದಲ್ಲಿ ಅವನು ಗಾರ್ಡ್ ಎತ್ತರದವನು.

ಹಳೇ ಸೆಂಟರ್, ಉಡುಪಿ

ಪಡುಬಿದ್ರಿಯವರು ಹೇಳಿದ್ದರಲ್ಲಿ ಅರ್ಧ ಒಪ್ಪುತ್ತೇನೆ. ಶೂಟಿಂಗ್ ಕಲಿಯಲೇಬೇಕು, ಎತ್ತರದ ಹುಡುಗ ಅಂತ ಒಳಗೇ ಕಟ್ಟಿಹಾಕುವುದು ಅವನಿಗೆ ಅನ್ಯಾಯ. ಆದರೆ ಉಳಿದರ್ಧ ಒಪ್ಪುವುದಿಲ್ಲ. ನಮ್ಮ ಪಿಯು ಮಟ್ಟದಲ್ಲಿ ತ್ರೀ ಎಷ್ಟು ಬೀಳುತ್ತದೆ ಅಂತ ಒಂದು ಮ್ಯಾಚ್ ಕೂತು ಎಣಿಸಿ ನೋಡಿ. ರಿಂಗಿನಿಂದ ಒಂದು ಮೀಟರ್ ದೂರದ ಶಾಟ್‌ಗಿಂತ ಒಳ್ಳೆಯ ಶಾಟ್ ಈ ಆಟದಲ್ಲಿ ಇಲ್ಲ.

ದೊಡ್ಡ ಮಟ್ಟದಲ್ಲೂ ಪೋಸ್ಟ್ ಸತ್ತಿಲ್ಲ, ರೂಪ ಬದಲಾಗಿದೆ. ಸರ್ಬಿಯಾದ ನಿಕೊಲಾ ಯೋಕಿಚ್ 2014ರ ಎನ್‌ಬಿಎ ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಲ್ಲಿ ಹೊಸ ಆಟಗಾರರನ್ನು ಆರಿಸುವುದು) 41ನೆಯವನಾಗಿ ಆಯ್ಕೆಯಾದವರು. ಹಾರುವುದರಲ್ಲಿ, ಓಡುವುದರಲ್ಲಿ ದೊಡ್ಡ ಹೆಸರಿಲ್ಲ. 2021, 2022, 2024ರಲ್ಲಿ ಎಂವಿಪಿ (ವರ್ಷದ ಅತ್ಯುತ್ತಮ ಆಟಗಾರ), 2023ರಲ್ಲಿ ಡೆನ್ವರ್‌ಗೆ ಚಾಂಪಿಯನ್‌ಶಿಪ್. ಅವರು ಬೆನ್ನು ಕೊಟ್ಟು ಬಾಲ್ ಹಿಡಿದ ಕೂಡಲೇ ಎದುರಿನ ಐದೂ ಮಂದಿಯ ತಲೆ ಆ ಕಡೆ ತಿರುಗುತ್ತದೆ. ಆಮೇಲೆ ಹೊರಗಿನವರಿಗೆ ತ್ರೀ ಖಾಲಿ. ಅಂದರೆ ನಿಮ್ಮ ತ್ರೀ ಬೀಳಬೇಕಾದರೂ ಒಳಗೊಬ್ಬ ಬೇಕು.

ಗಾರ್ಡ್ ಆದರೂ ಇದು ಬೇಕು. ಗಿಡ್ಡ ಡಿಫೆಂಡರ್ ನಿಮ್ಮ ಮೇಲೆ ಬಿದ್ದರೆ ಬ್ಲಾಕ್‌ಗೆ ಕರೆದುಕೊಂಡು ಹೋಗಬಹುದಲ್ಲ.

ಹುಡುಗನಿಗೆ ಇನ್ನೊಂದು ಹೇಳಬೇಕಿತ್ತು, ಮೈಕನ್ ಡ್ರಿಲ್. ಜಾರ್ಜ್ ಮೈಕನ್ ಅಂತ, 6 ಅಡಿ 10 ಇಂಚು, ದಪ್ಪ ಕನ್ನಡಕ. ಷಿಕಾಗೋದ ಡಿಪಾಲ್ ವಿಶ್ವವಿದ್ಯಾಲಯಕ್ಕೆ ಬಂದಾಗ ಕಾಲು ಕೈ ಒಂದಕ್ಕೊಂದು ಹೊಂದುತ್ತಿರಲಿಲ್ಲ. ಕೋಚ್ ರೇ ಮೇಯರ್ ಅವನನ್ನು ಬಿಡಲಿಲ್ಲ. ಹಗ್ಗ ಹಾರಿಸಿದರು, ಡ್ಯಾನ್ಸ್ ಕಲಿಸಿದರು, ಎರಡೂ ಕೈಯಲ್ಲಿ ದಿನಾ ನೂರಾರು ಹುಕ್ ಹಾಕಿಸಿದರು. ಕೊನೆಗೆ ಅವನನ್ನು ತಡೆಯಲು ಆಗದೆ ಎನ್‌ಬಿಎಯವರು 1951ರಲ್ಲಿ ಕೀಯ ಅಗಲವನ್ನೇ 6 ಅಡಿಯಿಂದ 12 ಅಡಿಗೆ ಏರಿಸಿದರು. ನನಗೆ ಇದರಲ್ಲಿ ಇಷ್ಟ ಆಗುವುದು ನಿಯಮ ಬದಲಾದದ್ದಲ್ಲ. ಆ ಕೋಚ್ ಮೊದಲು ಕಾಲಿಗೆ ಪಾಠ ಮಾಡಿದರು ನೋಡಿ, ಅದು.

ಡ್ರಿಲ್ ಸುಲಭ. ರಿಂಗ್ ಕೆಳಗೆ ನಿಲ್ಲು. ಬಲಗಡೆಯಿಂದ ಎಡಗಾಲು ಒತ್ತಿ ಬಲಗೈಯಲ್ಲಿ ಹಾಕು. ಬಾಲ್ ನೆಲಕ್ಕೆ ಬೀಳಲು ಬಿಡಬೇಡ, ಬಲೆಯಿಂದ ಬರುವಾಗಲೇ ಹಿಡಿ, ಭುಜದಿಂದ ಕೆಳಗೆ ಇಳಿಸದೆ ಎಡಗಡೆಗೆ ಹೋಗಿ ಬಲಗಾಲು ಒತ್ತಿ ಎಡಗೈಯಲ್ಲಿ ಹಾಕು. ಹೀಗೆ ಬಿಡದೆ ಒಂದು ನಿಮಿಷ. ಎಡಗೈಯದ್ದು ಮೊದಲ ಹದಿನೈದು ದಿನ ಎಲ್ಲೆಲ್ಲೋ ಹೋಗುತ್ತದೆ. ಬಿಡಬೇಡ.

ಉರ್ವ 15

ಮೂರು ವಾರ ಆಯ್ತು, ಹೇಳಲು ಬಂದೆ.

ಮೊದಲ ವಾರ ಪೂರ್ತಿ ಮಳೆ. ನಮ್ಮ ಕೋರ್ಟಿಗೆ ಶೀಟ್ ಇಲ್ಲ, ಎರಡು ದಿನ ನೀರು ನಿಂತರೆ ಪಾಚಿ ಕಟ್ಟುತ್ತದೆ, ಕಾಲಿಟ್ಟರೆ ಜಾರುತ್ತದೆ. ಹಾಗಾಗಿ ಮನೆಯ ಜಗಲಿಯಲ್ಲೇ ಪಿವಟ್ ಮಾಡಿದೆ. ನಮ್ಮದು ಕೆಂಪು ರೆಡ್‌ಆಕ್ಸೈಡ್ ನೆಲ. ಬರಿಗಾಲಲ್ಲಿ ಮಾಡುತ್ತಿದ್ದೆ. ಸೆಕೆಗೆ ಕಾಲೆಲ್ಲ ಬೆವರು, ನೆಲದ ಮೇಲೆ ಪಾದದ ಗುರುತು ಬೀಳುತ್ತಿತ್ತು. ಎರಡನೇ ದಿನ ನೋಡುತ್ತೇನೆ, ಪಿವಟ್ ಕಾಲಿನ ಗುರುತು ದುಂಡಗೆ ಇಲ್ಲ, ಉದ್ದಕ್ಕೆ ಎಳೆದ ಹಾಗೆ ಇತ್ತು, ಸುಮಾರು ನಾಲ್ಕು ಬೆರಳು ಅಗಲ. ಅಂದರೆ ನಾನು ತಿರುಗುವಾಗ ಕಾಲನ್ನು ಎಳೆಯುತ್ತಿದ್ದೆ, ನನಗೇ ಗೊತ್ತಿರಲಿಲ್ಲ. ಆಮೇಲೆ ಗುರುತು ನೋಡಿಕೊಂಡೇ ಮಾಡಿದೆ. ಹೆಬ್ಬೆರಳಿನ ಬುಡದಲ್ಲಿ ಒಂದೇ ಒಂದು ಚುಕ್ಕೆ ಬರುವವರೆಗೆ. ಆರು ದಿನ ಬೇಕಾಯ್ತು. ಅಮ್ಮ ಒರೆಸುವ ಬಟ್ಟೆ ತಂದು ಪಕ್ಕದಲ್ಲೇ ಇಟ್ಟರು.

ಚಾಕ್‌ಪೀಸ್ ವೃತ್ತದ ಆಟವನ್ನು ತಮ್ಮನ ಜೊತೆ ಮಾಡಿದೆ. ಅವನು ಒಂಬತ್ತನೇ ಕ್ಲಾಸು. ಮೊದಲ ಮೂರು ದಿನ ಅವನೇ ನನ್ನನ್ನು ಹೊರಗೆ ಹಾಕಿದ. ಕಾರ್ಕಳದವರು ಹೇಳಿದ್ದು ಅಲ್ಲಿ ಅರ್ಥ ಆಯ್ತು.

ನಿನ್ನೆ ಅದೇ ತಂಡದ ಮೇಲೆ ಮತ್ತೆ ಆಡಿದೆವು. ಅದೇ ಹುಡುಗ ನನ್ನ ಮೇಲೆ. ಎರಡನೇ ಕ್ವಾರ್ಟರ್‌ನಲ್ಲಿ ಒಂದು ಸಲ ಅವನು ಮಧ್ಯದ ಕಡೆ ಒರಗಿದ್ದು ಬೆನ್ನಿಗೆ ಗೊತ್ತಾಯ್ತು, ನಿಜವಾಗಿ ಗೊತ್ತಾಯ್ತು, ಅವನ ಎದೆಯ ಒತ್ತಡ ನನ್ನ ಒಂದೇ ಭುಜದ ಮೇಲೆ ಇತ್ತು. ಕಾಲು ಅಡ್ಡ ಇಟ್ಟು ತಗ್ಗಿದೆ. ಕೈ ತೋರಿಸಿದೆ. ಬೌನ್ಸ್ ಪಾಸ್ ಬಂತು. ಗಲ್ಲದ ಕೆಳಗೆ ಹಿಡಿದೆ, ನೋಡಿದೆ, ಯಾರೂ ಬರಲಿಲ್ಲ. ಡ್ರಾಪ್ ಸ್ಟೆಪ್, ಒಂದು ಡ್ರಿಬಲ್, ಬೋರ್ಡಿಗೆ. ಬಿತ್ತು. ಒಟ್ಟು 9 ಪಾಯಿಂಟ್ ಹಾಕಿದೆ. ಎರಡು ಸಲ ಮೂರು ಸೆಕೆಂಡ್ ಕೊಟ್ಟರು, ಹಿಮ್ಮಡಿ ಗೆರೆ ಮೇಲೇ ಇತ್ತು. ಹುಕ್ ಮೂರು ಹಾಕಿದೆ, ಒಂದೂ ಬೀಳಲಿಲ್ಲ.

ಮ್ಯಾಚ್ ಆದ ಮೇಲೆ ಆ ಹುಡುಗ ಬಂದು "ಎಲ್ಲಿ ಕಲಿತದ್ದು?" ಅಂತ ಕೇಳಿದ. ನಿಮ್ಮ ಬಗ್ಗೆ ಹೇಳಿದೆ.

ಈಗ ಹೊಸ ಕಷ್ಟ. ಕೊನೆಯ ಕ್ವಾರ್ಟರ್‌ನಲ್ಲಿ ಅವನು ನನ್ನ ಮುಂದೆಯೇ ಬಂದು ನಿಂತುಬಿಟ್ಟ, ನನ್ನ ಮತ್ತು ಬಾಲಿನ ನಡುವೆ. ಮತ್ತೆ ಒಂದು ಪಾಸೂ ಬರಲಿಲ್ಲ.

ಮಣಿಪಾಲ 12

ಮುಂದೆ ಬಂದು ನಿಂತ ಅಂದರೆ ಹಿಂದಿನಿಂದ ನಿನ್ನನ್ನು ತಡೆಯಲು ಆಗುತ್ತಿಲ್ಲ ಅಂತ ಅರ್ಥ. ತುಂಬಾ ಖುಷಿ ಆಯ್ತು.

ಆಗ ಅವನನ್ನು ಮುಂದೆಯೇ ಇಟ್ಟುಕೊ. ಸೊಂಟ ಅವನ ಸೊಂಟಕ್ಕೆ ಒತ್ತಿ, ಎರಡೂ ಅಂಗೈ ಮೇಲೆತ್ತಿ ರಿಂಗ್ ಕಡೆ ತೋರಿಸು. ಈಗ ರಿಂಗ್ ಮತ್ತು ನಿನ್ನ ನಡುವೆ ಯಾರೂ ಇಲ್ಲ. ಪಾಸ್ ಬರುವುದು ಬೋರ್ಡಿನ ಹತ್ತಿರದ ಮೂಲೆಗೆ, ನಿನ್ನ ತಲೆ ಮೇಲಿಂದ. ಬಾಲ್ ನಿನ್ನ ತಲೆ ದಾಟುವವರೆಗೆ ಅವನನ್ನು ಬಿಡಬೇಡ. ಎಲ್ಲರೂ ಬೇಗ ಬಿಟ್ಟುಬಿಡುತ್ತಾರೆ, ಆಗ ಅವನೂ ತಿರುಗಿ ಹಾರುತ್ತಾನೆ. ವಾಲಿಬಾಲ್ ಆಡಿದವನಲ್ವಾ ನೀನು, ಸೆಟ್ ಬಂದ ಬಾಲಿಗೆ ಯಾವಾಗ ಹೊರಡಬೇಕು ಅಂತ ನಿನಗೆ ಗೊತ್ತು. ಅದೇ ಲೆಕ್ಕ. ಆದರೆ ಆಚೆ ಕಡೆಯ ಡಿಫೆಂಡರ್ ಒಳಗೆ ಬಂದು ನಿಂತಿದ್ದರೆ ಲಾಬ್ ಬೇಡ. ಆಗ ಆಚೆಯ ನಿಮ್ಮವನು ಫ್ರೀ ಥ್ರೋ ಗೆರೆಗೆ ಓಡಿ ಬಂದು ಬಾಲ್ ಹಿಡಿಯಲಿ, ಅಲ್ಲಿಂದ ನಿನಗೆ ದಾರಿ ನೇರ.

ಸುರತ್ಕಲ್ ಗಾರ್ಡ್

ಈ ಲಾಬ್ ಒಬ್ಬನೇ ಕಲಿಯುವುದಲ್ಲ, ಕೊಡುವವನ ಜೊತೆ ನೂರು ಸಲ ಮಾಡಬೇಕು. ನಾನು ಶನಿವಾರ ಸಂಜೆ ಮಂಗಳೂರಿಗೆ ಬರುತ್ತೇನೆ, ಬೇಕಿದ್ದರೆ ಒಂದು ಗಂಟೆ ಪಾಸ್ ಕೊಡುತ್ತೇನೆ. ನಿಮ್ಮ ಗಾರ್ಡನ್ನೂ ಕರೆದುಕೊಂಡು ಬಾ, ಅವನೇ ಮುಖ್ಯ.

ಉರ್ವ 15

ಖಂಡಿತ ಬರುತ್ತೇವೆ. ನಮ್ಮ ಗಾರ್ಡ್‌ಗೆ ಈಗಲೇ ಹೇಳಿದೆ, ಐದು ಗಂಟೆಗೆ ಅಂದ. ಆ ಕಡೆಯ ಹುಡುಗನನ್ನೂ ಕೇಳಿದ್ದೇನೆ, ನನ್ನ ಮುಂದೆ ನಿಲ್ಲಲು ಯಾರಾದರೂ ಬೇಕಲ್ಲ. ಅವನೂ ಬರುತ್ತಾನಂತೆ. ಕೋರ್ಟಿನ ಪಾಚಿ ಉಜ್ಜಲು ನಾವು ನಾಲ್ಕಕ್ಕೇ ಹೋಗುತ್ತೇವೆ.